ಹೆಣ್ಣುಮಕ್ಕಳೂ ಕೆಸರಿನ ಓಟವೂ

ಗುಡ್ಡಗಾಡು ಓಟದ ಪಂದ್ಯಕ್ಕೆ ಮಗಳನ್ನು ಕಳುಹಿಸಿರೆಂದು ಕೇಳಿದಾಗ ಹಲವು ಪಾಲಕರು ಹಿಂಜರಿಯುವುದುಂಟು. ಮಳೆಗಾಲದ ಕೆಸರು, ಬಿದ್ದಾಳೆಂಬ ಭಯ, ನೋಡುವವರ ಮಾತು ಇವೇ ಅವರ ಆಕ್ಷೇಪಣೆಗಳು. ಅವುಗಳನ್ನು ಗೌರವದಿಂದಲೇ ವಿಚಾರಿಸೋಣ.

ಹಾನಗಲ್ಲಿನ ಸೀಮೆಯು ಭತ್ತದ ಸೀಮೆ. ಗದ್ದೆಯ ಕೆಸರಿನಲ್ಲಿ ದಿನವಿಡೀ ಬಾಗಿ ನಾಟಿ ಮಾಡುವವರು ಹೆಂಗಸರೇ. ಆ ಕೆಸರು ಅವರ ಮಾನವನ್ನು ಕಳೆಯಲಿಲ್ಲ. ಮನೆಗೆ ಅನ್ನವನ್ನು ತಂದಿತು. ದುಡಿಮೆಗೆ ಒಪ್ಪುವ ಕೆಸರು ಆಟಕ್ಕೆ ಮಾತ್ರ ಹೇಗೆ ಒಪ್ಪದಾದೀತು?

ದೂರದ ಓಟವನ್ನು ಹೆಣ್ಣಿನ ದೇಹವು ತಾಳದೆಂಬ ವಾದವೂ ಹಳೆಯದೇ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಸ್ತ್ರೀಯರು 800 ಮೀಟರು ಓಡಿದ ತರುವಾಯ, ಇದೇ ನೆವದಿಂದ ಆ ಓಟವನ್ನು 1960ರ ತನಕ ಕೈಬಿಡಲಾಯಿತು. ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆಯವರು 1920ರಲ್ಲಿ ಆಂಟ್‌ವರ್ಪಿನಲ್ಲಿ ಮ್ಯಾರಥಾನ್ ಓಡಿ 19ನೆಯವರಾದರು. ಅದೇ ಓಟವು ಒಲಿಂಪಿಕ್ಸ್‌ನಲ್ಲಿ ಸ್ತ್ರೀಯರಿಗೆ ದೊರೆತದ್ದು 1984ರಲ್ಲಿ, ಅಂದರೆ 64 ವರ್ಷಗಳ ಬಳಿಕ! ತಡೆದದ್ದು ದೇಹವಲ್ಲ, ಜನರ ಎಣಿಕೆ.

ಓಟಕ್ಕೆ ಶಿಸ್ತು ಬೇಕೆಂಬುದು ನಿಜ. ಹೊಟ್ಟೆತುಂಬ ಊಟ, ಸಾಕಷ್ಟು ನಿದ್ರೆ, ದಿನದಿನಕ್ಕೆ ತುಸುತುಸುವೇ ಹೆಚ್ಚುವ ಅಭ್ಯಾಸ, ಜಾರದ ಪಾದರಕ್ಷೆ ಇವಿಲ್ಲದೆ ಯಾರನ್ನೂ ಓಡಿಸಬಾರದು. ಇವನ್ನು ಒದಗಿಸುವುದು ಶಾಲೆಯ ಹಾಗೂ ಮನೆಯ ಕರ್ತವ್ಯ. ಆದರೆ ಕೆಸರಿನಲ್ಲಿ ಹೆಜ್ಜೆ ಕಿರಿದುಮಾಡಿ ಸಮತೋಲ ಕಾಯುವುದನ್ನೂ, ಬಿದ್ದರೆ ಅಳದೆ ಏಳುವುದನ್ನೂ ಯಾವ ಪಠ್ಯಪುಸ್ತಕವು ಕಲಿಸೀತು?

ಅಪೊಸ್ತಲನಾದ ಪೌಲನು ವಿಶ್ವಾಸಿಯ ಬಾಳನ್ನು ಓಟಕ್ಕೇ ಹೋಲಿಸಿದನು. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಹೆಣ್ಣುಮಕ್ಕಳನ್ನು ಕಳುಹಿಸಿರಿ. ನೀವೂ ಬಂದು ಹಾದಿಯ ಬದಿಯಲ್ಲಿ ನಿಲ್ಲಿರಿ. ಮೊದಲು ಬಂದವಳನ್ನು ಊರೇ ಹೊಗಳುವುದು. ಕೆಸರು ಮೆತ್ತಿಕೊಂಡು ಕಡೆಯವಳಾಗಿ ಬಂದು ಮುಟ್ಟುವವಳಿಗೆ ನಿಮ್ಮ ಚಪ್ಪಾಳೆ ಬೇಕು.