ಕೆರೆಯ ದಂಡೆಯಲ್ಲಿ ಎರಡು ದಿನ

ಬೆಂಗಳೂರಿನಿಂದ ಸೋದರಿಯೊಬ್ಬರು ನಮಗೊಂದು ಕಾಗದವನ್ನು ಬರೆದಿದ್ದಾರೆ. ಅವರ ಯಜಮಾನರಿಗೆ ಶನಿವಾರ ಭಾನುವಾರಗಳೆರಡೂ ಬಿಡುವು, ಮಕ್ಕಳಿಬ್ಬರು, ಮನೆಯಲ್ಲಿ ವಯಸ್ಸಾದ ಅತ್ತೆಯವರು. ನಗರದ ಗದ್ದಲದಿಂದ ತಲೆ ಚಿಟ್ಟುಹಿಡಿದಿದೆಯೆಂದೂ, ಎಲ್ಲಿಯಾದರೂ ಕೆರೆಯ ಬದಿಯ ಹಳ್ಳಿಗಾಡಿನಲ್ಲಿ ಎರಡು ದಿನ ಸುಮ್ಮನೆ ಇದ್ದು ಬರಬೇಕೆಂದೂ, ಅದಕ್ಕೆ ತಕ್ಕ ಸ್ಥಳವನ್ನೂ ಹೋಗುವ ಕ್ರಮವನ್ನೂ ಈ ಪುಟದಲ್ಲಿ ತಿಳಿಸಬೇಕೆಂದೂ ಕೇಳಿದ್ದಾರೆ. ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ವಾಕ್ಯವಿದೆ: ‘ಹೋದ ಸಲ ಹೀಗೆಯೇ ಹೊರಗೆ ಹೋಗಿ ಬಂದಮೇಲೆ ನಾನು ಎರಡು ದಿನ ಜ್ವರ ಬಂದು ಮಲಗಿದೆ.’ ನಾವು ಈ ತಿಂಗಳು ಉತ್ತರ ಬರೆಯುವುದು ಮುಖ್ಯವಾಗಿ ಈ ಕಡೆಯ ವಾಕ್ಯಕ್ಕೆ.

ಸ್ಥಳದ ಮಾತನ್ನು ಮೊದಲು ಮುಗಿಸೋಣ. ಕನ್ನಡನಾಡಿನಲ್ಲಿ ಕೆರೆಗಳಿಗೆ ಬರವಿಲ್ಲ. ಚನ್ನಗಿರಿಯ ಬಳಿ ಸೂಳೆಕೆರೆಯುಂಟು, ಸಖರಾಯಪಟ್ಟಣದ ಬಳಿ ಅಯ್ಯನಕೆರೆಯುಂಟು. ಒಂದಕ್ಕಿಂತ ಒಂದು ರಮಣೀಯ. ಆದರೆ ವೃದ್ಧರನ್ನು ಕರೆದುಕೊಂಡು ಬೆಂಗಳೂರಿನಿಂದ ಹೊರಟು ಎರಡೇ ದಿನಗಳಲ್ಲಿ ಹಿಂದಿರುಗತಕ್ಕವರಿಗೆ ಅವು ದೂರವಾದುವು. ಆದುದರಿಂದ ನಾವು ಸೂಚಿಸುವುದು ಮಂಡ್ಯ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯನ್ನು. ಬೆಂಗಳೂರಿಗೆ ಸುಮಾರು 130 ಕಿಲೋಮೀಟರು, ಮೈಸೂರಿಗೆ 40ರ ಒಳಗೆ. ರೈಲಿನಲ್ಲಿ ಬರುವವರು ಪಾಂಡವಪುರದ ನಿಲ್ದಾಣದಲ್ಲಿ ಇಳಿಯಬಹುದು. ನಿಲ್ದಾಣವು ಪೇಟೆಯಿಂದ ಸ್ವಲ್ಪ ದೂರದಲ್ಲಿರುವುದರಿಂದ ಮುಂದಕ್ಕೆ ಗಾಡಿಯೊಂದನ್ನು ಗೊತ್ತುಮಾಡಿಕೊಂಡಿರಬೇಕು.

ಈ ಕೆರೆಯ ಸೊಬಗಿಗೆ ಕಾರಣವು ಅದರ ಕಟ್ಟಡದಲ್ಲಿಯೇ ಇದೆ. ಎರಡು ಕಲ್ಲುಗುಡ್ಡಗಳ ನಡುವಣ ಸಂದಿಗೆ ಅಡ್ಡಲಾಗಿ ಏರಿಯನ್ನು ಹಾಕಿ, ಸುತ್ತಣ ಬೆಟ್ಟಗಳಿಂದ ಇಳಿದು ಬರುವ ಹಳ್ಳಗಳನ್ನು ತಡೆದಿದ್ದಾರೆ. ಬಯಲುಸೀಮೆಯ ಎಷ್ಟೋ ಕೆರೆಗಳಂತೆ ಜೊಂಡು ಕೆಸರುಗಳಿಂದ ತುಂಬಿದ ಅಂಚು ಇಲ್ಲಿ ಹೆಚ್ಚಾಗಿಲ್ಲ. ಬಂಡೆಯ ಬುಡಕ್ಕೇ ನೀರು ಬಂದು ನಿಲ್ಲುತ್ತದೆ. ಇದನ್ನು ಕಟ್ಟಿಸಿದವರು ರಾಮಾನುಜಾಚಾರ್ಯರೆಂದೂ, ಅವರಿಟ್ಟ ಹೆಸರು ತಿರುಮಲಸಾಗರವೆಂದೂ ಐತಿಹ್ಯ. ಹದಿನೆಂಟನೆಯ ಶತಮಾನದಲ್ಲಿ ದಖ್ಖನಿನ ಸುಬೇದಾರನ ಮಗನಾದ ನಾಸಿರ್ ಜಂಗನು ಇಲ್ಲಿಗೆ ಬಂದು, ನೀರಿನ ನೈರ್ಮಲ್ಯವನ್ನು ಕಂಡು, ಮೋತಿ ತಲಾಬ್ ಅಂದರೆ ಮುತ್ತಿನ ಕೆರೆ ಎಂದು ಹೆಸರಿಟ್ಟನೆಂದು ಹಳೆಯ ಗ್ಯಾಸೆಟಿಯರುಗಳು ಹೇಳುತ್ತವೆ. ಶತ್ರುಗಳಿಗೆ ನೀರು ದೊರೆಯಬಾರದೆಂದು ಟಿಪ್ಪುಸುಲ್ತಾನನು ಇದೇ ಏರಿಯನ್ನು ಒಡೆಸಿದನೆಂದೂ, ಮುಂದೆ ಅದನ್ನು ಸರಿಪಡಿಸಿದರೆಂದೂ ಅವುಗಳಲ್ಲಿಯೇ ಇದೆ. ಊರೊಳಗೆ ನಂಬಿನಾರಾಯಣನ ಗುಡಿ. ಬೇಲೂರು, ತಲಕಾಡು, ಮೇಲುಕೋಟೆ, ಗದಗುಗಳ ಜೊತೆಗೆ ಎಣಿಸುವ ಪಂಚನಾರಾಯಣ ಕ್ಷೇತ್ರಗಳಲ್ಲಿ ಇದೂ ಒಂದು. ಅದರ ಎದುರಿಗೆ ಗೋಪಾಲಕೃಷ್ಣನ ಗುಡಿ. ಪಕ್ಕದ ಗುಡ್ಡದ ಮೇಲೆ ಯೋಗನರಸಿಂಹ. ಇಷ್ಟು ಸಾಕು; ಇದಕ್ಕಿಂತ ಹೆಚ್ಚು ಹೇಳಿದರೆ ನಾವು ಮುಂದೆ ಹೇಳಬೇಕೆಂದಿರುವ ದೋಷಕ್ಕೆ ನಾವೇ ಮತ್ತೆ ಒಳಗಾದೇವು.

ಆ ದೋಷವೇನೆಂದರೆ, ನಾವು 2004ರಲ್ಲಿ ಸಂಸಾರಸಮೇತರಾಗಿ ಇದೇ ತೊಣ್ಣೂರಿಗೆ ಹೋಗಿದ್ದೆವು. ಆಗ್ಗೆ ನಮಗೆ ಶಾಲೆಯ ಕೆಲಸ. ವೇಳಾಪಟ್ಟಿಯಿಲ್ಲದೆ ಉಸಿರಾಡುವುದು ತಿಳಿಯದು. ಎರಡು ದಿನಗಳ ಪ್ರವಾಸಕ್ಕೆ ಗೆರೆ ಎಳೆದ ಕಾಗದದಲ್ಲಿ ಒಂಬತ್ತು ಸ್ಥಳಗಳನ್ನು ಹೊಂದಿಸಿದ್ದೆವು. ಬೆಳಿಗ್ಗೆ ರಂಗನತಿಟ್ಟಿನ ಹಕ್ಕಿಗಳು, ಅನಂತರ ಶ್ರೀರಂಗಪಟ್ಟಣದ ಕೋಟೆ ಮತ್ತು ಗುಡಿ, ಮಧ್ಯಾಹ್ನ ತೊಣ್ಣೂರು, ಮಾರನೆಯ ದಿನ ಕುಂತಿಬೆಟ್ಟ, ಮೇಲುಕೋಟೆ, ಸಂಜೆಗೆ ಕನ್ನಂಬಾಡಿಯ ಕಾರಂಜಿಗಳು, ಹೀಗೆ. ಪರಿಚಿತರೊಬ್ಬರ ತೋಟದ ಮನೆಯಲ್ಲಿ ಇಳಿದುಕೊಂಡೆವು. ಹೋಟೆಲಿನ ಅನ್ನ ಮಕ್ಕಳಿಗೆ ಆಗದೆಂದು ಒಂದು ಚೀಲ ಸಾಮಾನು, ಸೀಮೆಯೆಣ್ಣೆಯ ಸ್ಟೌ, ಎರಡು ಪಾತ್ರೆ, ಇವನ್ನೂ ಹೊತ್ತುಕೊಂಡು ಹೋಗಿದ್ದೆವು. ಖರ್ಚು ಉಳಿಯಿತೆಂದು ನಮಗೆ ಹೆಮ್ಮೆಯೂ ಇತ್ತು.

ಶನಿವಾರ ಸಂಜೆ ಮಕ್ಕಳನ್ನು ಕರೆದುಕೊಂಡು ಕೆರೆಗೆ ಹೊರಟಾಗ ನಮ್ಮ ಮನೆಯವರು ಸ್ಟೌವಿನ ಮುಂದೆ ಕುಳಿತಿದ್ದರು. ಅನ್ನಕ್ಕೆ ಇಟ್ಟಾಗಿತ್ತು, ನೀವು ಹೋಗಿ ಬನ್ನಿ ಎಂದರು. ಬೆಳಿಗ್ಗೆ ಮತ್ತೆ ಹೋದಾಗ ಬಟ್ಟೆ ಒಗೆಯುವುದಿತ್ತು, ಬುತ್ತಿ ಕಟ್ಟುವುದಿತ್ತು. ಕೆರೆಯ ಏರಿಗೂ ಆ ಮನೆಗೂ ಎರಡು ಫರ್ಲಾಂಗು ದೂರವೂ ಇರಲಿಲ್ಲ. ಭಾನುವಾರ ರಾತ್ರಿ ಹಿಂದಿರುಗುವ ಬಸ್ಸಿನಲ್ಲಿ, ನಾವು ಒಂಬತ್ತರಲ್ಲಿ ಎಂಟು ಸ್ಥಳಗಳನ್ನು ನೋಡಿ ಮುಗಿಸಿದ ತೃಪ್ತಿಯಿಂದ ಕಣ್ಣು ಮುಚ್ಚಿದ್ದೆವು. ಪಕ್ಕದಲ್ಲಿ ಅವರು ಮಗಳನ್ನು ಮೆಲ್ಲನೆ ಕೇಳುತ್ತಿದ್ದರು: ‘ಪುಟ್ಟೀ, ಕೆರೆ ಹೇಗಿತ್ತೇ?’

ಅವರು ನಮಗೆ ಕೇಳಿಸಲೆಂದು ಹೇಳಿದ ಮಾತಲ್ಲ ಅದು. ನಿಂದೆಯಾಗಿದ್ದರೆ ಉತ್ತರವನ್ನಾದರೂ ಕೊಡಬಹುದಾಗಿತ್ತು. ಮಗಳು ತನಗೆ ತಿಳಿದಂತೆ ವರ್ಣಿಸಿದಳು. ಅವರು ಅಷ್ಟನ್ನೂ ಕೇಳಿಕೊಂಡರು. ಆಮೇಲೆ ಅನೇಕ ವರ್ಷ ನಮ್ಮ ಮನೆಯಲ್ಲಿ ತೊಣ್ಣೂರಿನ ಮಾತು ಬಂದಾಗಲೆಲ್ಲ ನಾವು ಬೇರೆ ಮಾತಿಗೆ ಹೊರಳುತ್ತಿದ್ದೆವು.

ಸಂಸ್ಕೃತವನ್ನು ಓದಿದವರಿಗೆ ಶಬ್ದಗಳ ಬೆನ್ನುಹತ್ತುವ ಚಟವೊಂದುಂಟು, ವಾಚಕರು ಮನ್ನಿಸಬೇಕು. ‘ಶ್ರಮ್’ ಎಂಬ ಧಾತುವಿಗೆ ವೈಯಾಕರಣರು ತಪಸ್ಸು, ಖೇದ ಎಂಬ ಎರಡು ಅರ್ಥಗಳನ್ನು ಹೇಳುತ್ತಾರೆ. ಆಶ್ರಮವೆಂಬ ಶಬ್ದವೂ ಅಲ್ಲಿಂದಲೇ ಬಂದುದು, ವಿಶ್ರಾಂತಿಯೂ ಅಲ್ಲಿಂದಲೇ. ‘ವಿ’ ಎಂಬ ಉಪಸರ್ಗವು ಸೇರಿದಾಗ ಶ್ರಮವು ನೀಗಿತೆಂದು ಅರ್ಥವಾಗುತ್ತದೆ. ಹಾಗಿದ್ದಮೇಲೆ ಶ್ರಮವು ಯಾರದೋ ವಿಶ್ರಾಂತಿಯೂ ಅವರದಾಗಬೇಕಷ್ಟೆ? ನಮ್ಮ ಸಂಸಾರಗಳಲ್ಲಿ ಯಜಮಾನನ ಶ್ರಮಕ್ಕೆ ವಾರಕ್ಕೊಮ್ಮೆಯಾದರೂ ರಜೆಯುಂಟು. ಅಡಿಗೆಮನೆಗೆ ರಜೆಯನ್ನು ಸಾರಿದ ಸರಕಾರವನ್ನು ನಾವು ಕಂಡಿಲ್ಲ. ಬೇರೆ ಊರಿನಲ್ಲಿ ಒಲೆ ಹೂಡಿದರೆ ಅದು ಅಡಿಗೆಮನೆಯ ಪ್ರವಾಸವೇ ಹೊರತು ಗೃಹಿಣಿಯ ಪ್ರವಾಸವಲ್ಲ. ಅದರಲ್ಲಿಯೂ ಊರ ಮನೆಯಲ್ಲಿ ಸಾಮಾನು ಕೈಗೆ ಸಿಕ್ಕುತ್ತದೆ. ಪರಸ್ಥಳದಲ್ಲಿ ಉಪ್ಪಿನ ಡಬ್ಬಿಗೂ ಹುಡುಕಾಟ.

ಆದುದರಿಂದ ಕಾಗದ ಬರೆದ ಸೋದರಿಯ ಯಜಮಾನರಿಗೆ ನಮ್ಮ ಮೊದಲನೆಯ ಅರಿಕೆ: ಊಟದ ಏರ್ಪಾಡನ್ನು ಮೊದಲು ಮಾಡಿ, ಅನಂತರ ಉಳಿದುದನ್ನು ಯೋಚಿಸಿ. ತೊಣ್ಣೂರು ಸಣ್ಣ ಹಳ್ಳಿ. ಕೇಳಿದ ಹೊತ್ತಿಗೆ ಬಿಸಿಯೂಟ ಸಿದ್ಧವಾಗಿರುವುದೆಂದು ನಂಬಿ ಹೋಗಬಾರದು. ಇಳಿದುಕೊಳ್ಳುವುದು ಪಾಂಡವಪುರದಲ್ಲಿಯೋ ಮೇಲುಕೋಟೆಯಲ್ಲಿಯೋ ಸುತ್ತಣ ಯಾವುದಾದರೂ ತೋಟದ ಮನೆಯಲ್ಲಿಯೋ ಎಂಬುದನ್ನು ಹದಿನೈದು ದಿನ ಮುಂಚೆಯೇ ನಿಶ್ಚಯಿಸಿ, ಬೆಳಗಿನ ತಿಂಡಿ ಎಷ್ಟು ಹೊತ್ತಿಗೆ, ರಾತ್ರಿ ಮುದುಕರಿಗೆ ಮೆತ್ತನೆಯ ಅನ್ನ ಸಿಕ್ಕುತ್ತದೆಯೇ, ಸ್ನಾನಕ್ಕೆ ಬಿಸಿನೀರು ಉಂಟೇ, ಮಲಗುವ ಕೋಣೆಗೆ ಮೆಟ್ಟಲುಗಳೆಷ್ಟು, ಎಂದು ಬಾಯಿಬಿಟ್ಟು ಕೇಳಿ ತಿಳಿದುಕೊಳ್ಳಬೇಕು. ಕೇಳುವುದಕ್ಕೆ ಸಂಕೋಚಪಟ್ಟವನ ಸಂಕೋಚದ ಬೆಲೆಯನ್ನು ಹೆಂಡತಿ ತೆರಬೇಕಾಗುತ್ತದೆ.

ದಾರಿಯ ಬುತ್ತಿಯ ವಿಷಯ ಇನ್ನೂ ಸೂಕ್ಷ್ಮವಾದುದು. ‘ಮನೆಯಿಂದಲೇ ಪುಳಿಯೋಗರೆ, ಮೊಸರನ್ನ ಕಟ್ಟಿಸಿಕೊಂಡು ಹೋದರಾಯಿತು’ ಎಂದು ಗಂಡಸರು ಸುಲಭವಾಗಿ ಹೇಳಿಬಿಡುತ್ತೇವೆ. ಬೆಳಿಗ್ಗೆ 7 ಗಂಟೆಗೆ ಹೊರಡುವುದೆಂದರೆ ಆ ಪುಳಿಯೋಗರೆಗಾಗಿ 4 ಗಂಟೆಗೆ ಏಳುವವರು ಯಾರು? ಪ್ರಯಾಣದ ಆಯಾಸವು ಹೊಸ್ತಿಲು ದಾಟುವುದಕ್ಕೆ ಮುಂಚೆಯೇ ಅವರನ್ನು ಹಿಡಿದಿರುತ್ತದೆ. ಅವಲಕ್ಕಿ, ಬಾಳೆಹಣ್ಣು, ಕಡಲೆಕಾಯಿ ಇವು ಸಾಕು. ಇವನ್ನು ಕಟ್ಟಲು ಹತ್ತು ವರ್ಷದ ಹುಡುಗನಿಗೂ ಬರುತ್ತದೆ. ಮಕ್ಕಳ ಬಟ್ಟೆಯನ್ನು ಮಕ್ಕಳೇ ಮಡಿಸಲಿ. ಅತ್ತೆಯವರ ಔಷಧಿ, ಶಾಲು, ಕನ್ನಡಕ ಇವುಗಳ ಲೆಕ್ಕವನ್ನು ಅವರ ಮಗನೇ ನೋಡಿಕೊಳ್ಳಲಿ. ಹಿಂದಿರುಗಿದ ರಾತ್ರಿಗೂ ಏರ್ಪಾಡು ಬೇಕು: ಸೋಮವಾರ ಬೆಳಿಗ್ಗೆ ಒಗೆಯಬೇಕಾದ ಗಂಟು ಮೂಲೆಯಲ್ಲಿ ಕಾಯುತ್ತಿದ್ದರೆ ಎರಡು ದಿನದ ಸುಖವು ಅರ್ಧ ಗಂಟೆಯಲ್ಲಿ ಕರಗಿಹೋಗುವುದು. ಸೋದರಿಯವರ ಆ ಜ್ವರಕ್ಕೆ ನೀರು ಗಾಳಿಗಳ ಬದಲಾವಣೆ ಕಾರಣವಲ್ಲವೆಂದೇ ನಮ್ಮ ಗುಮಾನಿ.

ಕಾಲದ ವಿಷಯ. ಮಳೆಗಾಲ ಕಳೆದ ಮೇಲೆ ಕಾರ್ತಿಕದಿಂದ ಪುಷ್ಯದವರೆಗೆ ಕೆರೆಯಲ್ಲಿ ನೀರೂ ಇರುತ್ತದೆ, ಬಿಸಿಲೂ ಹಿತವಾಗಿರುತ್ತದೆ. ಬೇಸಗೆಯಲ್ಲಿ ಆ ಬಂಡೆಗಳು ಕಾದ ಕಾವಲಿಗಳು. ಮೇಲುಕೋಟೆಯಲ್ಲಿ ಇಳಿದುಕೊಳ್ಳುವವರು ವೈರಮುಡಿಯ ಉತ್ಸವದ ದಿನಗಳನ್ನು ಬಿಟ್ಟು ಹೋಗಬೇಕು. ಭಕ್ತಿಗೆ ಅದು ಒಳ್ಳೆಯ ಕಾಲ, ನಿದ್ರೆಗೆ ಅಲ್ಲ. ಭಾನುವಾರ ಮಧ್ಯಾಹ್ನ ತೊಣ್ಣೂರಿಗೆ ನಗರದ ಜನ ವಿಶೇಷವಾಗಿ ಬರುತ್ತಾರೆ, ಹಾಡಿನ ಪೆಟ್ಟಿಗೆಗಳನ್ನೂ ತರುತ್ತಾರೆ. ಶಾಂತಿಯನ್ನು ಹುಡುಕಿಕೊಂಡು ಬಂದವರು ಅದನ್ನು ಪಕ್ಕದವನಿಂದ ಕಸಿದುಕೊಳ್ಳುವುದೇಕೋ ನಮಗೆ ತಿಳಿಯದು. ಅವರೊಡನೆ ಜಗಳವಾಡುವುದಕ್ಕಿಂತ ಶನಿವಾರ ಸಂಜೆಯನ್ನೂ ಭಾನುವಾರದ ಮುಂಜಾನೆಯನ್ನೂ ಕೆರೆಗೆ ಮೀಸಲಿಟ್ಟು, ಬಿಸಿಲೇರಿದ ಮೇಲೆ ಊರೊಳಗಿನ ಗುಡಿಯ ತಂಪಿನಲ್ಲಿ ಕುಳಿತುಕೊಳ್ಳುವುದು ಲೇಸು. ನಂಬಿನಾರಾಯಣನ ಗುಡಿಯು ಸಮನೆಲದಲ್ಲಿರುವುದರಿಂದ ಅತ್ತೆಯವರಿಗೂ ಅನುಕೂಲ. ನರಸಿಂಹನ ಗುಡ್ಡವನ್ನು ಹತ್ತಬೇಕೆಂದು ಅವರನ್ನು ಯಾರೂ ಒತ್ತಾಯಪಡಿಸಬಾರದು.

ನೀರಿನ ವಿಷಯದಲ್ಲಿ ಮಾತ್ರ ನಾವು ಮೇಷ್ಟರ ಗಡಸು ಧ್ವನಿಯಲ್ಲಿಯೇ ಹೇಳುತ್ತೇವೆ. ಈ ಕೆರೆಯಲ್ಲಿ ಈಜಲು ಇಳಿದು ಪ್ರಾಣ ಕಳೆದುಕೊಂಡವರುಂಟು. ನೀರು ತಿಳಿಯಾದಷ್ಟೂ ಅಪಾಯ ಹೆಚ್ಚು. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದರಿಂದ, ನೇರವಾಗಿ ಮೇಲಿನಿಂದ ನೋಡುವವನಿಗೆ 4 ಅಡಿಯ ಆಳವು 3 ಅಡಿಯಂತೆ ತೋರುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ತಳದ ಕಲ್ಲು ಕಾಣುತ್ತಿದೆಯೆಂದು ಹುಡುಗ ಕಾಲಿಡುತ್ತಾನೆ. ಆ ಕಲ್ಲು ಅಲ್ಲಿಲ್ಲ. ನೀರೊಳಗಿನ ಬಂಡೆಯ ಮೇಲೆ ಪಾಚಿಯೂ ಇರುತ್ತದೆ. ಮಕ್ಕಳು ದಡದಲ್ಲಿ ಕುಳಿತಿರುವಷ್ಟು ಹೊತ್ತೂ ದೊಡ್ಡವರೊಬ್ಬರು ಬೇರೆ ಯಾವ ಕೆಲಸವನ್ನೂ, ಫೋನನ್ನೂ, ಇಟ್ಟುಕೊಳ್ಳದೆ ಅವರನ್ನೇ ನೋಡುತ್ತಿರಬೇಕು. ಅಪ್ಪನಾದವನು ಸಂಜೆಯನ್ನೂ ತಾಯಿಯಾದವಳು ಮುಂಜಾನೆಯನ್ನೂ ಹಂಚಿಕೊಂಡರೆ ಇಬ್ಬರಿಗೂ ಒಂದೊಂದು ಬಾರಿ ಕಣ್ಣೆತ್ತಿ ಬೆಟ್ಟವನ್ನು ನೋಡಲು ಬಿಡುವು ದೊರೆಯುತ್ತದೆ.

ಇನ್ನು ನೋಡತಕ್ಕ ಸ್ಥಳಗಳ ಪಟ್ಟಿ. ಸುತ್ತಮುತ್ತಣ ಸ್ಥಳಗಳೆಲ್ಲವೂ ನೋಡತಕ್ಕವೇ, ಅದರಲ್ಲಿ ಸಂಶಯವಿಲ್ಲ. ಅವು ಮುಂದಿನ ವರ್ಷವೂ ಅಲ್ಲಿಯೇ ಇರುತ್ತವೆ.

ನಾವು ಸೇವೆಯಿಂದ ನಿವೃತ್ತರಾದ ಮೇಲೆ 2023ರ ಮಾರ್ಗಶಿರದಲ್ಲಿ, ಒಂದು ಬುಧವಾರ, ಮನೆಯವರನ್ನು ಕರೆದುಕೊಂಡು ಮತ್ತೆ ತೊಣ್ಣೂರಿಗೆ ಹೋದೆವು. ಮಗಳು ಈಗ ತನ್ನ ಸಂಸಾರದಲ್ಲಿದ್ದಾಳೆ, ನಾವಿಬ್ಬರೇ. ಗಂಟು ಕಟ್ಟಿದವರು ನಾವು. ಶಾಲನ್ನು ಮರೆತೆವು, ಅವಲಕ್ಕಿಗೆ ಉಪ್ಪನ್ನು ಎರಡು ಸಲ ಹಾಕಿದೆವು. ಅವರು ಒಂದು ಮಾತನ್ನೂ ಆಡದೆ ತಿಂದರು, ನೀರನ್ನು ಮಾತ್ರ ಹೆಚ್ಚಾಗಿ ಕುಡಿದರು. ಮೊಣಕಾಲು ನೋವಿನಿಂದ ಅವರಿಗೆ ಬಹಳ ನಡೆಯಲಾಗದು. ಏರಿಯ ಮೇಲೆ ನೆರಳಿರುವ ಒಂದು ಕಲ್ಲನ್ನು ಹುಡುಕಿ ಕೂರಿಸಿದೆವು. ಕಬ್ಬಿನ ಗದ್ದೆಗಳ ಆಚೆ ಎಲ್ಲಿಯೋ ಆಲೆಮನೆ ನಡೆಯುತ್ತಿದ್ದಿರಬೇಕು, ಕಾಯುವ ಬೆಲ್ಲದ ವಾಸನೆ ಗಾಳಿಯಲ್ಲಿತ್ತು. ಒಂದು ನೀರುಕಾಗೆ ಮುಳುಗುವುದೂ, ನಾವು ನೋಡುತ್ತಿದ್ದ ಜಾಗವನ್ನು ಬಿಟ್ಟು ಬೇರೆಲ್ಲಿಯೋ ಏಳುವುದೂ ನಡೆದಿತ್ತು. ನಾಸಿರ್ ಜಂಗನ ಕಥೆಯು ನಮ್ಮ ನಾಲಗೆಯ ತುದಿಗೆ ಮೂರು ಸಲ ಬಂದು, ಮೂರು ಸಲವೂ ಹಿಂದಕ್ಕೆ ಹೋಯಿತು.

ಅವರು ಹಾಗೆ ಮೂರು ಗಂಟೆಗಳ ಕಾಲ ಕುಳಿತಿದ್ದರು. ಎದ್ದು ಹೊರಡುವಾಗ ಹೇಳಿದ್ದು ಇಷ್ಟೇ: ‘ಬೆಳಿಗ್ಗೆ ಈ ನೀರಿನ ಬಣ್ಣ ಬೇರೆ ಇತ್ತು, ನೋಡಿದಿರಾ?’ ನಾವು ನೋಡಿರಲಿಲ್ಲ.

ಈ ವರ್ಷ ಮಾಗಿಯಲ್ಲಿ ಮತ್ತೊಮ್ಮೆ ಹೋಗುವ ಮಾತಾಗಿದೆ. ಈ ಸಲದ ಕ್ರಮವನ್ನು ಅವರೇ ಒಂದು ಚೀಟಿಯಲ್ಲಿ ಬರೆದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದಾರೆ. ಚೀಟಿ ಬಹಳ ಸಣ್ಣದು. ಒಂದೇ ಸಾಲು ಇರುವಂತೆ ಹೊರಗಿನಿಂದ ಕಾಣುತ್ತದೆ. ನಾವಿನ್ನೂ ತೆಗೆದು ಓದಿಲ್ಲ.