ವೈಟ್ ಬೋರ್ಡ್ ಗಾಡೀಲಿ ಸೊಪ್ಪು ತಗೊಂಡೋಗೋರು ಪಾಲಿಸಿ ಒಂದ್ಸಲ ತೆಗೆದು ನೋಡಿ

ಇವತ್ತು ಬೆಳೆ ವಿಷ್ಯ ಅಲ್ಲ, ಗಾಡಿ ವಿಷ್ಯ. ಹೊಸಕೋಟೆ, ಬೂದಿಗೆರೆ, ಮಂಡೂರು ಕಡೆಯಿಂದ ಈಗ ಎಷ್ಟೋ ಜನ ಮಂಡಿ ಬಿಟ್ಟು ನೇರವಾಗಿ ಸಿಟಿ ಮನೆಗಳಿಗೆ ಸೊಪ್ಪು, ತರಕಾರಿ ಕೊಡ್ತಿದ್ದೀವಿ. ರಿಚರ್ಡ್ಸ್ ಟೌನ್, ಕುಕ್ ಟೌನ್ ಕಡೆ ಗಿರಾಕಿಗಳು ಒಳ್ಳೇವ್ರು, ರೇಟಿಗೆ ಜಗ್ಗಾಡಲ್ಲ. ಮಿಕ್ಕಿದ್ದು ರಸೆಲ್ ಮಾರ್ಕೆಟ್‌ಗೆ. ಹೋಗೋದು ಮಾತ್ರ ಹೆಚ್ಚಿನವರು ವೈಟ್ ಬೋರ್ಡ್ ಓಮ್ನಿ, ಈಕೋದಲ್ಲಿ. ಹಿಂದಿನ ಸೀಟು ಬಿಚ್ಚಿ ಮನೇಲಿಟ್ಟು, ಕ್ರೇಟು ಜೋಡಿಸ್ಕೊಂಡು.

ರಿನ್ಯೂವಲ್ ಬಂದಾಗ ನಾವು ಏಜೆಂಟಿಗೆ ಕೇಳೋದು ಒಂದೇ, ಎಷ್ಟಾಗುತ್ತಣ್ಣ ಅಂತ. ಇನ್ನೂರು ಮುನ್ನೂರು ಕಮ್ಮಿ ಇರೋ ಕಂಪನಿಗೆ ಹೋಗ್ತೀವಿ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಬೇರೆ. ನಾನು ಈ ಗಾಡೀಲಿ ಮಾಡೋ ಕೆಲಸಕ್ಕೆ ಈ ಪಾಲಿಸಿ ನಡೆಯುತ್ತಾ?

ಹೋದ ಶ್ರಾವಣದಲ್ಲಿ ಪಕ್ಕದೂರಿನ ಹುಡುಗನ ಈಕೋ ರಿಚರ್ಡ್ಸ್ ಪಾರ್ಕ್ ಹತ್ರ ಬೆಳಿಗ್ಗೆ ಆರೂವರೆಗೆ ನಿಂತೋಯ್ತು. ಒಳಗೆ ದಂಟು, ಪಾಲಕ್, ಕೊತ್ತಂಬರಿ. ಫಸ್ಟ್ ಪಾರ್ಟಿ ಇನ್ಶೂರೆನ್ಸ್ ಇದೆ ಅನ್ನೋ ಧೈರ್ಯದ ಮೇಲೆ ನಂಬರಿಗೆ ಫೋನ್ ಮಾಡಿದ. ಆಕ್ಸಿಡೆಂಟಾ, ಬ್ರೇಕ್‌ಡೌನಾ ಅಂದ್ರು. ಬ್ರೇಕ್‌ಡೌನ್ ಅಂದ. ಅದು ನಿಮ್ಮ ಪಾಲಿಸೀಲಿ ಇಲ್ಲ ಸಾರ್ ಅಂದ್ರು, ಫೋನ್ ಇಟ್ರು. ಕೊನೆಗೆ ಕೈಯಿಂದ ದುಡ್ಡು ಕೊಟ್ಟು ಟೋಯಿಂಗ್ ಗಾಡಿ ಕರೆಸಿದ್ರೆ, ಅವನು ಲೋಡ್ ಇಳಿಸಿ ಆಮೇಲೆ ಎತ್ತೀನಿ ಅಂದ. ಸೊಪ್ಪು ಫುಟ್‌ಪಾತ್ ಮೇಲೆ.

ಕಂಪನಿಯವರು ಹೇಳಿದ್ದು ಸುಳ್ಳಲ್ಲ. ಫಸ್ಟ್ ಪಾರ್ಟಿ ಅಂತ ನಾವು ಕರೆಯೋ ಪಾಲಿಸೀಲಿ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಬ್ರೇಕ್‌ಡೌನ್ ಸೇರಲ್ಲ. ಆಕ್ಸಿಡೆಂಟ್ ಆದ್ರೆ ಗಾಡಿ ಎಳೆಸೋಕೆ ಸ್ಟ್ಯಾಂಡರ್ಡ್ ಪಾಲಿಸೀಲಿ ಪ್ರೈವೇಟ್ ಕಾರಿಗೆ ಇರೋದು 1,500 ರೂಪಾಯಿ ಮಿತಿ, ಅಷ್ಟೇ. ಸುಮ್ನೆ ಕೆಟ್ಟು ನಿಂತ್ರೆ ಬರೋದು ರೋಡ್‌ಸೈಡ್ ಅಸಿಸ್ಟೆನ್ಸ್. ಅದು ಬೇರೆ ದುಡ್ಡು ಕೊಟ್ಟು ಸೇರಿಸ್ಕೋಬೇಕು. ಇನ್ಶೂರೆನ್ಸ್ ಕಂಪನಿಯವರೂ ಕೊಡ್ತಾರೆ, ಗಾಡಿ ಕಂಪನಿಯವರೂ ಕೊಡ್ತಾರೆ, ಬರೀ ಇದನ್ನೇ ಮಾರೋರೂ ಇದ್ದಾರೆ. ಬ್ಯಾಟರಿ ಡೌನ್ ಆದ್ರೆ ಸ್ಟಾರ್ಟ್ ಮಾಡಿಕೊಡೋದು, ಸ್ಟೆಪ್ನಿ ಹಾಕೋದು, ಎಳ್ಕೊಂಡು ಹೋಗೋದು ಎಲ್ಲರ ಪಟ್ಟೀಲೂ ಇರುತ್ತೆ. ವ್ಯತ್ಯಾಸ ಇರೋದು ಎಷ್ಟು ಕಿಲೋಮೀಟರ್ ಪುಕ್ಕಟೆ ಎಳೀತಾರೆ, ವರ್ಷಕ್ಕೆ ಎಷ್ಟು ಸಲ ಬರ್ತಾರೆ ಅನ್ನೋದ್ರಲ್ಲಿ. ರಿಚರ್ಡ್ಸ್ ಟೌನ್‌ನಲ್ಲಿರೋರಿಗೆ ಹತ್ತು ಕಿಲೋಮೀಟರ್ ಸಾಕು, ಗ್ಯಾರೇಜ್ ಪಕ್ಕದಲ್ಲೇ ಇರುತ್ತೆ. ನಮಗೆ ಅಲ್ಲಿಂದ ಹೊಸಕೋಟೆ ಮೆಕ್ಯಾನಿಕ್ ಹತ್ರ ತರೋಕೆ ಅದು ಎಲ್ಲಿ ಸಾಲುತ್ತೆ? ನಮ್ಮ ತೋಟದ ದಾರೀಲಿ ನಿಂತ್ರೆ ಬರ್ತೀರಾ ಅಂತ ಪಿನ್‌ಕೋಡ್ ಹೇಳಿ ಕೇಳಿ. ನ್ಯಾಷನಲ್ ಹೈವೇ 75ರಲ್ಲಿ ನಿಂತ್ರೆ 1033ಕ್ಕೆ ಫೋನ್ ಮಾಡಿ. ಸಿಟಿ ಒಳಗಿನ ರಸ್ತೆಗೆ ಆ ನಂಬರ್ ಅಲ್ಲ.

ಇದು ಸಣ್ಣ ವಿಷ್ಯ. ಟೋಯಿಂಗ್ ದುಡ್ಡು ಹೋದ್ರೆ ಒಂದು ದಿನದ ವ್ಯಾಪಾರ ಹೋಯ್ತು ಅಂದ್ಕೋಬಹುದು. ಜಮೀನು ಹೋಗೋದು ಇನ್ನೊಂದು ಕಾರಣಕ್ಕೆ. ಪ್ರೈವೇಟ್ ಕಾರ್ ಪಾಲಿಸೀಲಿ ಗಾಡಿ ಯಾವುದಕ್ಕೆ ಬಳಸಬಾರದು ಅಂತ ಒಂದು ಸಾಲು ಇರುತ್ತೆ. ಬಾಡಿಗೆಗೆ ಓಡಿಸಬಾರದು, ರೇಸಿಗೆ ಬಿಡಬಾರದು, ಸರಕು ಸಾಗಿಸಬಾರದು. ಸರಕಿನಲ್ಲಿ ಸ್ಯಾಂಪಲ್ಲಿಗೂ ಸ್ವಂತ ಲಗೇಜಿಗೂ ಮಾತ್ರ ವಿನಾಯಿತಿ. ನಾನೇ ಬೆಳೆದಿದ್ದು, ನನ್ನದೇ ಟೊಮೇಟೊ ಅಂದ್ರೆ ಅದು ಲಗೇಜ್ ಆಗಲ್ಲ ಕಣ್ರಪ್ಪ, ಮಾರೋ ಮಾಲು. ಟಿನ್ ಫ್ಯಾಕ್ಟರಿ ಹತ್ರ ಯಾರಿಗಾದ್ರೂ ಗುದ್ದಿದ್ರೆ, ಸರ್ವೇಯರ್ ಕ್ರೇಟಿನ ಫೋಟೊ ತೆಗೆದ್ರೆ, ಕಂಪನಿ ತಕರಾರು ತೆಗೆಯುತ್ತೆ. ಗಾಯ ಆದೋನಿಗೆ ಅವರು ಮೊದಲು ಕೊಟ್ಟು ಆಮೇಲೆ ನಮ್ಮಿಂದ ವಸೂಲಿ ಮಾಡ್ತೀವಿ ಅಂತ ಕೋರ್ಟಲ್ಲಿ ಕೇಳಬಹುದು. ಪ್ರಾಣ ಹೋದ ಕೇಸಾದ್ರೆ ಆ ಮೊತ್ತ ಎಷ್ಟಿರುತ್ತೆ ಯೋಚನೆ ಮಾಡಿ.

ಯಾಕೆ ಯಾರೂ ಯೆಲ್ಲೋ ಬೋರ್ಡ್ ಮಾಡಿಸಲ್ಲ ಅಂತ ನನಗೂ ಗೊತ್ತು. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ ಈಕೋ ಅಳತೆಯ ಪ್ರೈವೇಟ್ ಕಾರಿಗೆ ಥರ್ಡ್ ಪಾರ್ಟಿ 3,416 ರೂಪಾಯಿ. ಬಾಡಿಗೆಗೆ ಓಡೋ ಸರಕು ಗಾಡಿಗೆ, 7,500 ಕೆಜಿ ಒಳಗಿದ್ರೂ, 16,049. ನಾಲ್ಕು ಪಟ್ಟಿಗಿಂತ ಜಾಸ್ತಿ. ಇದನ್ನ ನಾನು ಸರಿ ಅನ್ನಲ್ಲ. ಊರೂರು ಬಾಡಿಗೆ ಸುತ್ತೋ ಗಾಡಿಗೂ, ವಾರಕ್ಕೆ ಎರಡು ಸಲ ಸ್ವಂತ ಸೊಪ್ಪು ತರೋ ಸಣ್ಣ ರೈತನ ಗಾಡಿಗೂ ಒಂದೇ ಥರ ಅಪಾಯ ಇರಲ್ಲ. ನಮ್ಮಂಥೋರಿಗೆ ನಡುವೆ ಒಂದು ದರ ಬೇಕು ಅಂತ ರೈತ ಸಂಘಗಳು ಕೇಳಬೇಕು, ಯಾರೂ ಕೇಳ್ತಿಲ್ಲ. ಆದ್ರೆ ದರ ಸರಿಯಿಲ್ಲ ಅಂತ ಕೋರ್ಟಲ್ಲಿ ಹೇಳಿದ್ರೆ ಜಡ್ಜು ಕೇಳಲ್ಲ. ಅದಕ್ಕೆ ವಾರಕ್ಕೆ ಮೂರು ಟ್ರಿಪ್ ಹೋಗೋರು ನಾಲ್ಕು ಜನ ಸೇರಿ ಒಂದು ಸರಕು ಗಾಡಿ ಇಟ್ಕೊಳ್ಳೋದು ವಾಸಿ ಅಂತ ನನ್ನ ಲೆಕ್ಕ. ಲೈಸೆನ್ಸ್ ಭಯ ಬೇಡ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಎಲ್‌ಎಂವಿ ಲೈಸೆನ್ಸ್ ಇರೋರು 7,500 ಕೆಜಿ ಒಳಗಿನ ಸರಕು ಗಾಡಿ ಓಡಿಸಬಹುದು ಅಂತ ತೀರ್ಪು ಕೊಟ್ಟಿದೆ.

ಸರಕು ಗಾಡಿ ಹಿಂದೆ ಜನ ಕೂರಿಸ್ಬೇಡಿ. ಕ್ಯಾಬಿನ್‌ನಲ್ಲಿ ಕೂತ ಮಾಲಿನ ಮಾಲೀಕನಿಗೆ ಕವರ್ ಇರುತ್ತೆ, ಸುಮ್ನೆ ಹತ್ತಿಸ್ಕೊಂಡ ಪಕ್ಕದ ಮನೆಯವರಿಗೆ ಇರಲ್ಲ. ಮದುವೆ, ಜಾತ್ರೆಗೆ ಹೋಗೋವಾಗ ಇದನ್ನ ಹೇಳಿದ್ರೆ ನಮ್ಮ ಮನೇಲೇ ನನ್ನ ಮೇಲೆ ಸಿಟ್ಟಾಗ್ತಾರೆ, ಆಗ್ಲಿ.

ಮಳೆಗಾಲಕ್ಕೆ ಒಂದು ಮಾತು. ಅಂಡರ್‌ಪಾಸ್ ನೀರಲ್ಲಿ ಗಾಡಿ ಆಫ್ ಆದ್ರೆ ಮತ್ತೆ ಕೀ ತಿರುಗಿಸ್ಬೇಡಿ. ನೀರು ಒಳಗೆ ಎಳ್ಕೊಂಡು ಇಂಜಿನ್ ಹಾಳಾದ್ರೆ, ಇಂಜಿನ್ ಪ್ರೊಟೆಕ್ಟ್ ಸೇರಿಸಿಲ್ಲದ ಪಾಲಿಸೀಲಿ ದುಡ್ಡು ಬರೋದು ಕಷ್ಟ. 2022ರ ಸೆಪ್ಟೆಂಬರ್ ಮಳೇಲಿ ಔಟರ್ ರಿಂಗ್ ರೋಡ್ ಕಡೆ ಕಾರುಗಳು ಹೇಗೆ ಮುಳುಗಿದ್ವು ಎಲ್ಲರೂ ನೋಡಿದ್ದೀರಿ.

ನ್ಯಾಯವಾದ ಕ್ಲೇಮ್ ತಿರಸ್ಕಾರ ಆದ್ರೆ ಮೊದಲು ಕಂಪನಿಗೆ ಬರವಣಿಗೇಲಿ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ರೆ, ಬಂದ ಉತ್ತರ ಒಪ್ಪಿಗೆ ಆಗದಿದ್ರೆ, ಜೆ.ಪಿ. ನಗರದ ಜೀವನ್ ಸೌಧದಲ್ಲಿ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಆಫೀಸ್ ಇದೆ. ಫೀಸ್ ಇಲ್ಲ, ಲಾಯರ್ ಬೇಡ. ಅದಕ್ಕೂ ಮುಂಚೆ 155255ಕ್ಕೆ ಫೋನ್ ಮಾಡಿ ಕೇಳಬಹುದು. ಪಾಲಿಸಿ ಇಂಗ್ಲಿಷಲ್ಲಿದೆ, ಅರ್ಥ ಆಗಲ್ಲ ಅನ್ನೋರು ಭಾನುವಾರ ಮಧ್ಯಾಹ್ನ ಡೈರಿ ಹತ್ರ ತನ್ನಿ. ನಮ್ಮ ಮಗಳು ಇರ್ತಾಳೆ, ಆ ಒಂದು ಸಾಲು ಎಲ್ಲಿದೆ ಅಂತ ಹುಡುಕಿ ತೋರಿಸ್ತಾಳೆ.