ಕಾಣದ ಗೆಳೆಯರು

ಇಂಡೋನೇಷ್ಯದ ‘ದಾನುರ್’ (2017) ಚಿತ್ರದಲ್ಲಿ ಪುಟ್ಟ ರಿಸಾಳ ಆಟದ ಗೆಳೆಯರು ಮೂವರು. ಮೂವರೂ ಎಂದೋ ಸತ್ತ ಡಚ್ ಮಕ್ಕಳು. ಅವರು ಕಾಣುವುದು ಅವಳೊಬ್ಬಳಿಗೇ. ತಾಯಿಗೆ ದುಡಿಮೆಯಿಂದ ಬಿಡುವಿಲ್ಲ. ದೆವ್ವಕ್ಕಿಂತ ಈ ಒಂಟಿತನವೇ ನನಗೆ ಭಯಂಕರವೆನಿಸಿತು. ತನ್ನಷ್ಟಕ್ಕೆ ಮಾತನಾಡುವ ಮಗುವನ್ನು ಮಂತ್ರವಾದಿಯ ಬಳಿಗೆ ಕರೆದೊಯ್ಯುವ ತಾಯ್ತಂದೆಯರು, ಸಂಜೆ ಅದರೊಡನೆ ಆಡುವವರು ಮನೆಯಲ್ಲಿ ಯಾರಿದ್ದಾರೆಂದು ಮೊದಲು ನೋಡಬೇಕು.

ನಮ್ಮ ಉದಕಮಂಡಲದಲ್ಲಿಯೂ ಪರದೇಶದವರ ಸಮಾಧಿಗಳುಂಟು. ಶ್ರೀರಂಗಪಟ್ಟಣದಿಂದ ಟಿಪ್ಪುವಿನ ಅರಮನೆಯ ತೊಲೆಗಳನ್ನು ತಂದು ಕಟ್ಟಿದ ಸೇಂಟ್ ಸ್ಟೀಫನ್ ಚರ್ಚಿನ ಆವರಣದಲ್ಲಿ, ಆ ಪಟ್ಟಣವನ್ನು ನೆಲೆಗೊಳಿಸಿದ ಜಾನ್ ಸಲ್ಲಿವನ್ನರ ಪತ್ನಿಯೂ ಮಗಳೂ ಮಲಗಿದ್ದಾರೆ. ಅಲ್ಲಿ ದೆವ್ವವಿದೆಯೆಂದು ಮಕ್ಕಳನ್ನು ಬೆದರಿಸದೆ, ಕಲ್ಲಿನ ಮೇಲಿನ ಹೆಸರುಗಳನ್ನು ಓದಿಸಿರಿ. ಮಸಿನಗುಡಿಯ ದಾರಿಯಲ್ಲಿ ಇರುಳು ಅಂಜಬೇಕಾದುದು ಆನೆಗೆ. ಅದನ್ನು ಮಾತ್ರ ತಪ್ಪದೆ ಹೇಳಿರಿ.